ಮಗಳು ಪಿಯು ಸೈನ್ಸ್ ಸೇರ್ತಾಳ, ಓದಿನ ಜೋಡಿ ಯಾವ ಚಟುವಟಿಕೆ ಹಿಡಿಸೂದು?

ಜೋರಾಪುರಪೇಠ_ಅಪ್ಪ (ವಿಜಯಪುರ):

ಎಲ್ಲಾರಿಗೂ ನಮಸ್ಕಾರ್ರಿ. ಮಗಳು ಹತ್ತನೇತ್ತ ಮುಗಿಸ್ಯಾಳ, ಜೂನ್‌ಕ್ಕ ಇಲ್ಲೇ ವಿಜಯಪುರದಾಗ ಪಿಸಿಎಂಸಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಕಂಪ್ಯೂಟರ್ ಸೈನ್ಸ್) ಸೇರ್ತಾಳ. ಗಣಿತ ಮತ್ತ ಎಲೆಕ್ಟ್ರಾನಿಕ್ಸ್ ಅಂದ್ರ ಜೀವ. ಕಾಲೇಜಿಗೆ ಅರ್ಜಿ ಹಾಕೂಮುಂದ ಬರೇ ಮಾರ್ಕ್ಸ್ ಸಾಲೂದಿಲ್ಲ, ಬ್ಯಾರೆ ಚಟುವಟಿಕೆನೂ ಬೇಕು ಅಂತ ಒಬ್ಬೊಬ್ರು ಒಂದೊಂದು ಹೇಳಾಕತ್ಯಾರ. ರೋಬೋಟಿಕ್ಸ್ ಕ್ಲಾಸ್, ಒಲಿಂಪಿಯಾಡ್ ಕೋಚಿಂಗ್, ಚೆಸ್, ಕರಾಟೆ, ಸಮಾಜಸೇವೆ ಸರ್ಟಿಫಿಕೇಟ್, ಆನ್‌ಲೈನ್ ಸಂಶೋಧನಾ ಇಂಟರ್ನ್‌ಶಿಪ್ ಎಲ್ಲಾ ಪಟ್ಟಿಯೊಳಗ ಅದಾವ. ಎಲ್ಲಾದಕ್ಕೂ ರೊಕ್ಕ, ಎಲ್ಲಾದಕ್ಕೂ ಹೊತ್ತು.

ಕೇಳೂದು ಇಷ್ಟ: ಸಿಇಟಿ, ಜೆಇಇಗೆ ಇವುಗಳಿಂದ ಏನರ ಉಪಯೋಗ ಐತೇನು? ಹೊರದೇಶಕ್ಕ ಅಥವಾ ಅಶೋಕ, ಪ್ಲಾಕ್ಷದಂಥಾ ಖಾಸಗಿ ವಿಶ್ವವಿದ್ಯಾಲಯಕ್ಕ ಅರ್ಜಿ ಹಾಕಿದ್ರ ಯಾವುದು ತೂಕ ಆಗ್ತೈತಿ? ವಾರಕ್ಕ ಎಷ್ಟು ತಾಸು ಕೊಡಬೇಕು? ನಮ್ಮೂರಾಗ ಕುಂತು ಮಾಡೂವಂಥಾದ್ದು ಏನೈತಿ?

---

ಉದ್ಯಮಬಾಗ್_ಬೆಳಗಾವಿ:

ಸರ್, ಯಾವ ಬಾಗಿಲು ತಟ್ಟಬೇಕು ಅನ್ನುವುದು ಮೊದಲು ತೀರ್ಮಾನವಾಗಲಿ. ಒಂದು ಬಾಗಿಲಿಗೆ ಬೇಕಾದದ್ದು ಇನ್ನೊಂದಕ್ಕೆ ಕವಡೆ ಕಾಸಿನ ಕಿಮ್ಮತ್ತಿಲ್ಲ.

ಕೆಸಿಇಟಿ ಎಂಜಿನಿಯರಿಂಗ್ ರ‍್ಯಾಂಕ್‌ಗೆ ದ್ವಿತೀಯ ಪಿಯು ಅಂಕ ಅರ್ಧ, 180ಕ್ಕೆ ನಡೆಯುವ ಸಿಇಟಿ ಅಂಕ ಅರ್ಧ. ರೋಬೋಟಿಕ್ಸ್ ಸರ್ಟಿಫಿಕೇಟ್ ಕೇಳುವ ಕಾಲಮ್ಮೇ ಆ ಅರ್ಜಿಯಲ್ಲಿಲ್ಲ. ಚಟುವಟಿಕೆಯಿಂದ ಅಲ್ಲಿ ಸೀಟು ಸಿಗುವುದಿದ್ದರೆ ಎನ್‌ಸಿಸಿ, ಕ್ರೀಡೆಯಂಥ ವಿಶೇಷ ಕೋಟಾದಲ್ಲಿ ಮಾತ್ರ. ಸೀಟು ಬೆರಳೆಣಿಕೆ, ಪ್ರಮಾಣಪತ್ರದ ಮಟ್ಟ ನೋಡಿ ಆದ್ಯತೆ. ಕರಾಟೆ ಕ್ಲಾಸಿನವರು ತಾವೇ ಅಚ್ಚು ಹಾಕಿಸಿ ಕೊಡುವ ಬೆಲ್ಟ್ ಸರ್ಟಿಫಿಕೇಟ್ ಅಲ್ಲಿ ನಡೆಯುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಗ್ರಾಮೀಣ ಶೇ. 15, ಕನ್ನಡ ಮಾಧ್ಯಮ ಶೇ. 5 ಮೀಸಲು. ಮಗಳು ಒಂದರಿಂದ ಹತ್ತರವರೆಗೆ ಎಲ್ಲಿ, ಯಾವ ಮಾಧ್ಯಮದಲ್ಲಿ ಓದಿದ್ದಾಳೆ ಅನ್ನುವ ಪ್ರಮಾಣಪತ್ರಕ್ಕೆ ಬಿಇಒ ಸಹಿ ಈಗಲೇ ಮಾಡಿಸಿಡಿ. ಇನ್ನೊಂದು, ಸಂವಿಧಾನದ 371ಜೆ ವಿಧಿಯ ಮೀಸಲು ನಮಗೆ ಇಲ್ಲ. ಅದು ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ. ವಿಜಯಪುರ ಕಲಬುರಗಿಗೆ ಆತುಕೊಂಡಿದ್ದರೂ ಆಚೆಗೇ ಉಳಿದಿದೆ. ಇದನ್ನು ತಪ್ಪು ತಿಳಿದು ಆಪ್ಷನ್ ಎಂಟ್ರಿ (ಬೇಕಾದ ಕಾಲೇಜುಗಳ ಪಟ್ಟಿ) ಮಾಡುವವರು ಪ್ರತಿ ವರ್ಷ ಸಿಗುತ್ತಾರೆ.

ಜೆಇಇ, ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಕಾಮೆಡ್‌ಕೆ, ಕೇಂದ್ರದ ವಿಜ್ಞಾನ ಸಂಸ್ಥೆಗಳಾದ ಐಐಎಸ್‌ಇಆರ್‌ಗಳ ಐಎಟಿ: ಮೂರೂ ಪರೀಕ್ಷೆಯ ರ‍್ಯಾಂಕ್ ಮೇಲೆಯೇ. ಎನ್‌ಐಟಿಗೆ ಜೆಇಇ ಜೊತೆಗೆ ಬೋರ್ಡಿನಲ್ಲಿ ಶೇ. 75 ಅಥವಾ ಬೋರ್ಡಿನ ಮೇಲಿನ ಶೇ. 20ರೊಳಗೆ ಇರಬೇಕು, ಪರಿಶಿಷ್ಟರಿಗೆ ಶೇ. 65.

ಚಟುವಟಿಕೆ ನಿಜಕ್ಕೂ ಓದುವ ಬಾಗಿಲು ಎರಡು. ಒಂದು ಅಮೆರಿಕದ ಕಾಲೇಜುಗಳು. ಇನ್ನೊಂದು ನಮ್ಮಲ್ಲೇ ಅಶೋಕ, ಮೊಹಾಲಿಯ ಪ್ಲಾಕ್ಷದಂಥವು. ಅಲ್ಲಿ ಅರ್ಜಿಯ ಜೊತೆ ಪ್ರಬಂಧ, ಆಮೇಲೆ ಸಂದರ್ಶನ. ಬ್ರಿಟನ್ ಬರೀ ಪರೀಕ್ಷೆ ನೋಡುವವರಿಗೂ ಇವರಿಗೂ ನಡುವೆ ಬರುತ್ತದೆ. ಅವರಿಗೆ ನಾಯಕತ್ವ, ಸಮಾಜಸೇವೆಗಿಂತ ನೀವು ಓದಲಿರುವ ವಿಷಯದಲ್ಲಿ ಪಠ್ಯದಾಚೆ ಏನು ಓದಿದ್ದೀರಿ, ಏನು ಮಾಡಿದ್ದೀರಿ ಅನ್ನುವುದು ಬೇಕು. ಅಲ್ಲಿನ ಕಾಲೇಜುಗಳಿಗೆಲ್ಲ ಒಂದೇ ಆದ ಯುಸಿಎಎಸ್ ಅರ್ಜಿಯಲ್ಲಿ ಈಗ ಮೂರು ಪ್ರಶ್ನೆ, ಒಟ್ಟು 4,000 ಅಕ್ಷರ. ಚೆಸ್ ಪದಕಕ್ಕೆ ಅದರಲ್ಲಿ ಒಂದು ಸಾಲು ಕೊಡುವುದೂ ದಂಡ.

ದುಡ್ಡಿನ ಮಾತೂ ಹೇಳಬೇಕು. ವಿದೇಶಿ ವಿದ್ಯಾರ್ಥಿಯ ಹಣಕಾಸು ನೋಡದೆ ಆಯ್ಕೆ ಮಾಡಿ, ಆಮೇಲೆ ಬೇಕಾದಷ್ಟೂ ನೆರವು ಕೊಡುವ ಅಮೆರಿಕದ ಕಾಲೇಜುಗಳು ಕೆಲವೇ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ಆ ಸಾಲಿನವು. ಉಳಿದ ಬಹುಪಾಲು ಕಡೆ ನೆರವು ಕೇಳಿದ್ದೇ ಆಯ್ಕೆಗೆ ಅಡ್ಡ ಬರಬಹುದು. ಸಿಇಟಿ, ಜೆಇಇಯೇ ಮುಖ್ಯ, ಹೊರಗಿನದು ಪ್ರಯತ್ನ ಅನ್ನುವುದಾದರೆ ವಾರಕ್ಕೆ ನಾಲ್ಕೈದು ತಾಸು, ಒಂದೇ ಕೆಲಸ. ಎರಡನೇ ಪಿಯು ಡಿಸೆಂಬರ್ ನಂತರ ಅದೂ ಬೇಡ.

---

ನವನಗರ_ಲೆಕ್ಕ (ಬಾಗಲಕೋಟೆ):

ಮೇಲಿನ ಮಾತಿಗೆ ಒಂದು ತಿದ್ದುಪಡಿ. ಭಾರತದಲ್ಲೂ ಒಲಿಂಪಿಯಾಡ್‌ನಿಂದ ತೆರೆಯುವ ಬಾಗಿಲುಗಳಿವೆ. ಚೆನ್ನೈ ಗಣಿತ ಸಂಸ್ಥೆಯಲ್ಲಿ ರಾಷ್ಟ್ರೀಯ ಮಟ್ಟದ ಗಣಿತ ಒಲಿಂಪಿಯಾಡ್ ಐಎನ್‌ಎಂಒ ದಾಟಿದವರಿಗೆ ಪ್ರವೇಶ ಪರೀಕ್ಷೆ ಇಲ್ಲ, ಅರ್ಜಿ ಮಾತ್ರ ಹಾಕಲೇಬೇಕು. ಐಐಐಟಿ ಹೈದರಾಬಾದಿಗೆ ಒಲಿಂಪಿಯಾಡ್ ಮಾರ್ಗ ಬಹಳ ಕಾಲದಿಂದ ಇದೆ. ಐಐಟಿ ಕಾನ್ಪುರವೂ 2025-26ರಿಂದ ಕೆಲವು ವಿಭಾಗಗಳಿಗೆ ಹೀಗೆ ಸೇರಿಸಿಕೊಳ್ಳುತ್ತಿದೆ.

ಆದರೆ ಯಾವ ಒಲಿಂಪಿಯಾಡ್? ಶಾಲೆಯಲ್ಲಿ ಫೀ ಕಟ್ಟಿಸಿಕೊಂಡು ಪ್ರತಿ ತರಗತಿಗೂ ಚಿನ್ನದ ಪದಕ ಹಂಚುವ ಪರೀಕ್ಷೆಗಳಲ್ಲ. ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಉಸ್ತುವಾರಿಯಲ್ಲಿ ನಡೆಯುತ್ತದಲ್ಲ, ಆ ಸರಣಿ ಮಾತ್ರ.

ಗಣಿತಕ್ಕೆ ಮೊದಲ ಮೆಟ್ಟಿಲು ಐಒಕ್ಯೂಎಂ, ಸೆಪ್ಟೆಂಬರ್‌ನಲ್ಲಿ. ಮೂರು ತಾಸು, 30 ಪ್ರಶ್ನೆ, 100 ಅಂಕ. ಹತ್ತು ಪ್ರಶ್ನೆಗೆ ಎರಡೆರಡು, ಹತ್ತಕ್ಕೆ ಮೂರು ಮೂರು, ಹತ್ತಕ್ಕೆ ಐದೈದು. ಉತ್ತರ 00ರಿಂದ 99ರೊಳಗಿನ ಪೂರ್ಣಾಂಕ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಇದರ ಮುಂದೆ ಪ್ರಾದೇಶಿಕ ಮಟ್ಟದ ಆರ್‌ಎಂಒ, ಜನವರಿಯಲ್ಲಿ ಐಎನ್‌ಎಂಒ. ಅಲ್ಲಿ ಉತ್ತರವಲ್ಲ, ಸಾಧನೆಯನ್ನು (ಪ್ರೂಫ್) ಹೆಜ್ಜೆ ಹೆಜ್ಜೆಯಾಗಿ ಬರೆಯಬೇಕು. ನಮ್ಮ ಕಡೆಯ ಜಾಣ ಮಕ್ಕಳು ಸಿಕ್ಕಿಬೀಳುವುದು ಇಲ್ಲಿಯೇ. ಪಿಯುನಲ್ಲಿ ಕ್ಯಾಲ್ಕುಲಸ್ ಅರೆದು ಕುಡಿದಿರುತ್ತಾರೆ, ಒಲಿಂಪಿಯಾಡಿನಲ್ಲಿ ಕ್ಯಾಲ್ಕುಲಸ್ ಇಲ್ಲವೇ ಇಲ್ಲ. ಇರುವುದು ಸಂಖ್ಯಾ ಸಿದ್ಧಾಂತ, ಎಣಿಕೆ, ಅಸಮತೆ, ಶುದ್ಧ ರೇಖಾಗಣಿತ. ಭಾಗಾಕಾರದ ಶೇಷ, ಪಾರಿವಾಳದ ಗೂಡಿನ ತತ್ವ ಇವುಗಳಿಂದ ಶುರು ಮಾಡಲಿ. ಹಳೆಯ ಪತ್ರಿಕೆಗಳು ಪುಕ್ಕಟೆ ಸಿಗುತ್ತವೆ. ದಿನಕ್ಕೆ ಹತ್ತು ಲೆಕ್ಕ ಬಿಡಿಸುವುದಲ್ಲ, ವಾರಕ್ಕೆ ಆರು. ಒಂದೊಂದಕ್ಕೂ ಮುಕ್ಕಾಲು ತಾಸು ಗುದ್ದಾಡಿದ ಮೇಲೇ ಉತ್ತರ ತೆರೆಯಬೇಕು.

ಭೌತಶಾಸ್ತ್ರಕ್ಕೆ ಎನ್‌ಎಸ್‌ಇಪಿ, ನವೆಂಬರ್‌ನಲ್ಲಿ. ಎರಡು ತಾಸು, 60 ಪ್ರಶ್ನೆ, 216 ಅಂಕ. 48 ಪ್ರಶ್ನೆಗಳಲ್ಲಿ ಸರಿಗೆ ಮೂರು, ತಪ್ಪಿಗೆ ಒಂದು ಕಡಿತ. ಉಳಿದ 12ಕ್ಕೆ ಆರಾರು ಅಂಕ, ಒಂದಕ್ಕಿಂತ ಹೆಚ್ಚು ಸರಿ ಉತ್ತರ ಇರಬಹುದು, ಎಲ್ಲವನ್ನೂ ಗುರುತಿಸಿದರಷ್ಟೇ ಅಂಕ, ಕಡಿತವಿಲ್ಲ. ಎರಡಕ್ಕೂ ಹೆಸರು ನೋಂದಾಯಿಸುವ ಕಾಲ ಪರೀಕ್ಷೆಗಿಂತ ಬಹಳ ಮೊದಲೇ ಮುಗಿಯುತ್ತದೆ. ಜುಲೈನಲ್ಲಿ ಕಾಲೇಜಿನ ಉಪನ್ಯಾಸಕರನ್ನು ಹಿಡಿಯಿರಿ. ದಸರೆ ಹೊತ್ತಿಗೆ ಕೇಳಿದರೆ ಆ ವರ್ಷ ಹೋಯಿತು.

ಪಿಸಿಎಂಸಿ ಅಂದಿರಿ. ಹಾಗಾದರೆ ಇನ್ಫರ್ಮ್ಯಾಟಿಕ್ಸ್ (ಪ್ರೋಗ್ರಾಮಿಂಗ್) ಒಲಿಂಪಿಯಾಡನ್ನೂ ನೋಡಲಿ. ಅದಕ್ಕೆ ಸಿ++ ಬೇಕು. ಪೈಥಾನ್ ಒಂದೇ ಕಲಿತು ಕೂತವರಿಗೆ ಕೊನೆಯಲ್ಲಿ ಸಮಯಮಿತಿ ಹೊಡೆಯುತ್ತದೆ.

---

ತಿಕೋಟಾ_ಶೆಡ್:

ಅಣ್ಣಾರ, ನಿಮ್ಮ ಕಡೀ ಪ್ರಶ್ನೆಗೆ ನಾ ಹೇಳ್ತೀನಿ. ಊರಾಗ ಕುಂತು ಮಾಡೂವಂಥಾದ್ದು ನಿಮ್ಮ ಮನಿಯಿಂದ ಇಪ್ಪತ್ತು ಕಿಲೋಮೀಟರ್‌ನ್ಯಾಗ ಐತಿ. ಒಣದ್ರಾಕ್ಷಿ ಶೆಡ್. ರೋಬೋಟಿಕ್ಸ್ ಕ್ಲಾಸಿನಾಗ ಕಪ್ಪು ಗೆರಿ ಮ್ಯಾಲ ಓಡೂ ಗಾಡಿ ಮಾಡಿಸ್ತಾರ. ಅಂಥಾ ಗಾಡಿ ಅರ್ಜಿ ಓದಾವ್ರು ಸಾವಿರ ನೋಡಿರ್ತಾರ. ತಿಕೋಟಾದ ಶೆಡ್ಡಿನ ಗಾಳಿ ಯಾರೂ ಅಳದು ತೋರಿಸಿರೂದಿಲ್ಲ.

ಕೆಲಸ ಹಿಂಗೈತಿ. ಕಡದ ದ್ರಾಕ್ಷಿನ ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೋನೇಟ್, 15 ಮಿ.ಲೀ. ಡಿಪ್ಪಿಂಗ್ ಆಯಿಲ್ ಕಲಸಿದ್ದರಾಗ ಎರಡ್ಮೂರು ನಿಮಿಷ ಅದ್ದಿ, ಬಲಿ ರ‍್ಯಾಕಿನ ಮ್ಯಾಲ ನೆರಳಾಗ ಹರವ್ತಾರ. ಅದ್ದೂದರಿಂದ ಸಿಪ್ಪಿ ಮ್ಯಾಲಿನ ಮೇಣದ ಪದರು ಸಡಲಾಗಿ ನೀರು ಲಗೂ ಹೊರಬೀಳ್ತೈತಿ. ಎರಡು ವಾರದ ಸುಮಾರಿಗೆ ಒಣಗತೈತಿ. ಆದ್ರ ಮ್ಯಾಲಿನ ರ‍್ಯಾಕ್ ಒಂದು ದಿನ, ಕೆಳಗಿನ ರ‍್ಯಾಕ್ ಇನ್ನೊಂದು ದಿನ. ಎಷ್ಟು ಫರಕ್, ಯಾಕ ಫರಕ್? ಇದ ಪ್ರಶ್ನೆ. ಸಣ್ಣದು, ಅಳಿಯಾಕ ಬರೂವಂಥಾದ್ದು, ರೈತಗೂ ಬೇಕಾದದ್ದು.

ಸಾಮಾನು: ಪ್ರೋಗ್ರಾಂ ಓಡಸೂ ಒಂದು ಇಎಸ್‌ಪಿ32 ಬೋರ್ಡು, ಶಾಖ, ಆರ್ದ್ರತೆ ಅಳಿಯೂ ನಾಲ್ಕು ಎಸ್‌ಎಚ್‌ಟಿ31 ಸೆನ್ಸರ್, ಅವನ್ನ ಒಂದೊಂದಾಗಿ ಬೋರ್ಡಿಗೆ ಜೋಡಸೂ ಒಂದು ಟಿಸಿಎ9548ಎ ಮಲ್ಟಿಪ್ಲೆಕ್ಸರ್, ಡಿಎಸ್3231 ಗಡಿಯಾರ, ಮೈಕ್ರೋ ಎಸ್‌ಡಿ ಕಾರ್ಡ್ ಮಾಡ್ಯೂಲ್, ಪವರ್ ಬ್ಯಾಂಕ್ ಇಲ್ಲಾ ಚಾರ್ಜರ್, ಒಂದು ಗ್ರಾಂ ತೋರಿಸೂ ಅಡಿಗಿ ತಕ್ಕಡಿ. ಡಿಎಚ್‌ಟಿ11 ಸೆನ್ಸರ್ ಅಗ್ಗ ಅಂತ ತರಬ್ಯಾಡ್ರಿ, ಆರ್ದ್ರತೆ ಐದು ಅಂಶ ಅತ್ತಿತ್ತ ಹೇಳ್ತೈತಿ. ರ‍್ಯಾಕ್ ರ‍್ಯಾಕಿನ ನಡುವಿನ ಫರಕ್ಕೇ ಅಷ್ಟಿದ್ರ ಅಳದದ್ದು ನೀರಾಗ ಹೋಮ.

ಮಲ್ಟಿಪ್ಲೆಕ್ಸರ್ ಯಾಕ ಅಂದ್ರ ಎಸ್‌ಎಚ್‌ಟಿ31ಕ್ಕ ಇರೂವು ಎರಡ ವಿಳಾಸ, 0ಎಕ್ಸ್44 ಮತ್ತ 0ಎಕ್ಸ್45. ನಾಲ್ಕೂ ಒಂದ ತಂತಿಗೆ ಹಚ್ಚಿದ್ರ ಒಂದರ ಮಾತಿನಾಗ ಇನ್ನೊಂದು ಬಾಯಿ ಹಾಕ್ತೈತಿ. ಸೆನ್ಸರ್ ಬೋರ್ಡಿನ ಜೋಡಿ ಮಾತಾಡೂ ಐ2ಸಿ ತಂತಿ ಉದ್ದ ಮಾಡಿದಂಗ ಸಿಗ್ನಲ್ ಕೆಡತೈತಿ, ಹಂಗಾಗಿ ವೇಗ 100ರ ಬದಲಿ 10 ಕಿಲೋಹರ್ಟ್ಸ್‌ಗೆ ಇಳಸ್ರಿ. ಸೆನ್ಸರ್ ಬೋರ್ಡಿಂದ ಗೇಣರ ದೂರ ಇರಲಿ. ವೈಫೈ ಚಾಲೂ ಇದ್ರ ಬೋರ್ಡು ಬಿಸಿ ಆಗಿ ಶೆಡ್ಡಿನ ಬದಲಿ ತನ್ನ ಜ್ವರಾನ ಅಳೀತೈತಿ.

ಶೆಡ್ಡಿಗೆ ಹೋಗೂಕಿಂತ ಮೊದಲ ಉಪ್ಪಿನ ಪರೀಕ್ಷೆ. ಉಪ್ಪಿನಕಾಯಿ ಬರಣಿ ತೊಳದು ಒಣಗಿಸ್ರಿ. ಬಾಟಲಿ ಮುಚ್ಚಳದಾಗ ಅಡಿಗಿ ಉಪ್ಪಿಗೆ ನಾಕು ಹನಿ ನೀರು ಹಾಕಿ ಹಸಿ ಮುದ್ದಿ ಮಾಡ್ರಿ, ಉಪ್ಪು ಪೂರಾ ಕರಗಬಾರದು. ಅದನ್ನೂ ನಾಲ್ಕೂ ಸೆನ್ಸರನ್ನೂ ಬರಣಿಯೊಳಗ ಇಟ್ಟು, ತಂತಿ ಹೊರಬರೂ ಸಂದಿಗೆ ಟೇಪ್ ಬಡದು ಇಡೀ ರಾತ್ರಿ ಬಿಡ್ರಿ. ಮುಂಜಾನೆ ಎಲ್ಲಾ 75ರ ಹಂತ್ಯಾಕ ಬರಬೇಕು. ಒಂದು 73, ಇನ್ನೊಂದು 77 ಅಂದ್ರ ಬರದಿಟ್ಕೊಳ್ರಿ, ಮುಂದ ಎಲ್ಲಾ ಅಳತಿಗೂ ಅಷ್ಟು ಕೂಡಸೂದು ಕಳಿಯೂದು. ಸಂದರ್ಶನದಾಗ “ನಿನ್ನ ಸೆನ್ಸರ್ ಖರೇ ಹೇಳ್ತೈತಿ ಅಂತ ಹೆಂಗ ಗೊತ್ತು?” ಅಂದ್ರ ಉತ್ತರ ಆ ಬರಣಿ.

ಆಮ್ಯಾಲ ಮ್ಯಾಲ, ನಡು, ಕೆಳಗ, ಬಾಗಲ ಕಡೆ ಒಂದೊಂದು ಸೆನ್ಸರ್. ಹತ್ತು ನಿಮಿಷಕ್ಕೊಮ್ಮಿ ದಾಖಲು. ದಿನಕ್ಕ 144, ಹದಿನಾಲ್ಕು ದಿನಕ್ಕ ಸೆನ್ಸರಿಗೆ 2,016. ಪ್ರತಿ ಸಲ ಬರದ ಕೂಡ್ಲೆ ಫೈಲ್ ಮುಚ್ಚೂವಂಗ ಪ್ರೋಗ್ರಾಂ ಇರಲಿ, ಇಲ್ಲಾಂದ್ರ ಕರೆಂಟ್ ಹೋದಾಗ ಕಾರ್ಡ್ ಕೆಟ್ಟು ಹತ್ತು ದಿನದ ದುಡಿಮಿ ಹೋಗ್ತೈತಿ. ಎರಡು ದಿನಕ್ಕೊಮ್ಮಿ ಮೊಬೈಲಿಗೆ ನಕಲು ಮಾಡ್ಕೊಳ್ರಿ.

ಅದರ ಜೋಡಿ ಪ್ರತಿ ಎತ್ತರಕ್ಕ ಒಂದು ಕಿಲೋ ಅದ್ದಿದ ದ್ರಾಕ್ಷಿ ಬಲಿ ಚೀಲದಾಗ ಹಾಕಿ, ದಿನಾ ಮುಂಜಾನೆ ಏಳಕ್ಕ ತೂಗಬೇಕು. ಒಂದ ಹೊತ್ತಿಗೆ ತೂಗೂದು ಮುಖ್ಯ. ಹಣ್ಣಿನಾಗ ಸಕ್ಕರಿ 22 ಬ್ರಿಕ್ಸ್ (ನೂರು ಗ್ರಾಂನ್ಯಾಗ ಸುಮಾರು 22 ಗ್ರಾಂ) ಇದ್ರ ಕಿಲೋದಾಗ ಒಣ ಪದಾರ್ಥ 220 ಗ್ರಾಂ ಹಿಡಿರಿ. ಶೇ. 15 ತೇವಕ್ಕ ಬಂದಾಗ 220 ಭಾಗಿಸು 0.85, ಅಂದ್ರ ಸುಮಾರು 259 ಗ್ರಾಂ. ಅಲ್ಲಿಗೆ ಆ ಚೀಲ ಒಣಗಿದಂಗ. ಯಾವ ಚೀಲ ಎಷ್ಟನೇ ದಿನ ಅಲ್ಲಿ ಮುಟ್ಟತೈತಿ ಅನ್ನೂದ ನಿಮ್ಮ ಗ್ರಾಫ್.

ಬಣ್ಣಕ್ಕಂತ ಗಂಧಕದ ಹೊಗಿ ಹಾಕೂದಿದ್ರ ಅದರ ಹಿಂದಿನ ದಿನಾನ ಸೆನ್ಸರ್ ಬಿಚ್ಚಿ ತರ್ರಿ, ಹೊಗಿಗೆ ಅವು ಕೆಡ್ತಾವ. ಹೊಗಿ ಪೂರಾ ಹೋಗೂತನಕ ಹುಡುಗಿ ಒಳಗ ಕಾಲಿಡಬಾರದು. ಇದರಾಗ ಮುಲಾಜಿಲ್ಲ.

ಸೀಸನ್ ಫೆಬ್ರವರಿಯಿಂದ ಏಪ್ರಿಲ್. ಎರಡನೇ ಪಿಯುನಾಗ ಬೋರ್ಡು, ಸಿಇಟಿ ತಲಿ ಮ್ಯಾಲ ಇರ್ತಾವ, ಆಗ ಆಗೂದಲ್ಲ. ಮೊದಲನೇ ಪಿಯು ವಾರ್ಷಿಕ ಪರೀಕ್ಷೆ ಮುಗದ ಮರುದಿನ ಶುರು ಮಾಡಿದ್ರ ಬರೋಬ್ಬರಿ ಕುಂಡ್ರತೈತಿ. ಡಿಸೆಂಬರ್ ಒಳಗ ಬೋರ್ಡು, ಪ್ರೋಗ್ರಾಂ, ಉಪ್ಪಿನ ಪರೀಕ್ಷೆ ಮುಗಿಸಿಟ್ಕೊಳ್ರಿ.

---

ಗುಮ್ಮಟದ_ಪಿಸುಮಾತು:

ದ್ರಾಕ್ಷಿ ಬೇಡವೆಂದರೆ ಗೋಳಗುಮ್ಮಟ ಇದೆಯಲ್ಲ. ಪಿಸುಗುಟ್ಟುವ ಗ್ಯಾಲರಿಯ ಅಡ್ಡಗಲ ಸುಮಾರು 38 ಮೀಟರ್. ಎದುರು ಬದಿಗೆ ನೇರ ಬರುವ ಸದ್ದಿಗೆ 0.11 ಸೆಕೆಂಡು, ಗೋಡೆ ಹಿಡಿದು ಅರ್ಧ ಸುತ್ತು, ಅಂದರೆ 60 ಮೀಟರ್ ಬರುವುದಕ್ಕೆ 0.17. ಎರಡು ಫೋನಿನ ರೆಕಾರ್ಡಿಂಗ್‌ನಲ್ಲಿ ಈ ಎರಡು ಗುರುತು ಬೇರೆ ಬೇರೆ ಕಾಣಿಸುತ್ತವೆಯೇ? ಫೋನು ತಾನೇ ಸದ್ದು ಏರಿಳಿಸುವ ಸೌಲಭ್ಯ ಬಂದ್ ಮಾಡಿ ಸಂಕುಚನವಿಲ್ಲದ ವೇವ್ ಫೈಲಿನಲ್ಲೇ ದಾಖಲಿಸಬೇಕು. ಕಷ್ಟ ಏನೆಂದರೆ ಬಂದವರೆಲ್ಲ ಕೂಗುತ್ತಾರೆ, ಬಾಗಿಲು ತೆರೆದ ಮೊದಲ ಹತ್ತು ನಿಮಿಷವಷ್ಟೇ ನಿಮ್ಮದು. ಉಪಕರಣ ಒಯ್ಯುವುದಾದರೆ ಪುರಾತತ್ವ ಇಲಾಖೆಗೆ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಮೊದಲೇ ಬರೆದುಕೊಳ್ಳಿ.

---

ನವನಗರ_ಲೆಕ್ಕ:

ಈ ಭಾಗದಲ್ಲಿ ಬಹಳ ಮಂದಿ ಬೋರ್‌ವೆಲ್ ನೀರಿನ ಪ್ರಾಜೆಕ್ಟ್ ಹಿಡಿಯುತ್ತಾರೆ, ಅದಕ್ಕೊಂದು ಎಚ್ಚರಿಕೆ. ಟಿಡಿಎಸ್ ಪೆನ್ನು ಅದ್ದಿ “ಫ್ಲೋರೈಡ್ ಜಾಸ್ತಿ ಇದೆ” ಎಂದು ಬರೆದ ಪೋಸ್ಟರ್‌ಗಳಿಗೆ ಲೆಕ್ಕವಿಲ್ಲ. ಆ ಪೆನ್ನು ಕರಗಿದ ಒಟ್ಟು ಲವಣವನ್ನು ಅಂದಾಜು ಮಾಡುತ್ತದೆ, ಫ್ಲೋರೈಡ್ ಅದಕ್ಕೆ ಗೊತ್ತೇ ಇಲ್ಲ. ಫ್ಲೋರೈಡ್‌ಗೆ ಬಣ್ಣ ಹೋಲಿಸುವ ಕಿಟ್ ಬೇಕು, ಇಲ್ಲವೇ ಲ್ಯಾಬ್. ಮಾದರಿಯನ್ನು ಗಾಜಿನ ಬಾಟಲಿಯಲ್ಲಿ ತರಬಾರದು, ಪ್ಲಾಸ್ಟಿಕ್‌ನಲ್ಲೇ. ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಫ್ಲೋರೈಡ್ ಮಿತಿ ಲೀಟರಿಗೆ 1 ಮಿ.ಗ್ರಾಂ., ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ.

---

ಜೋರಾಪುರಪೇಠ_ಅಪ್ಪ:

ಭಾಳ ಉಪಕಾರ ಆತ್ರಿ. ಶೆಡ್ಡಿನ ಕೆಲಸ ಮನಸ್ಸಿಗೆ ಬಂತು, ಮಗಳು ಈಗ ಬರಣಿ ಹುಡುಕಾಕತ್ಯಾಳ. ಇದನ್ನ ಅರ್ಜಿಯೊಳಗ ಹೆಂಗ ತೋರಿಸೂದು? ಸರ್ಟಿಫಿಕೇಟ್ ಯಾರು ಕೊಡ್ತಾರ?

---

ಉದ್ಯಮಬಾಗ್_ಬೆಳಗಾವಿ:

ಸರ್ಟಿಫಿಕೇಟ್ ಯಾರೂ ಕೊಡುವುದಿಲ್ಲ, ಬೇಕಾಗಿಯೂ ಇಲ್ಲ. ಬೇಕಾದದ್ದು ದಾಖಲೆ. ಇನ್ನೂರು ಪುಟದ ಒಂದು ಹೊಲಿಗೆ ನೋಟ್‌ಬುಕ್ ತನ್ನಿ. ಪ್ರತಿ ದಿನಕ್ಕೆ ತಾರೀಖು, ಹೊತ್ತು, ತೂಕ, ಏನು ಕೆಟ್ಟಿತು, ಏನು ಬದಲಿಸಿದೆ. ಪೆನ್ನಿನಲ್ಲಿ, ಅಳಿಸದೆ. ತಪ್ಪಿದ ಸಾಲಿಗೆ ಒಂದು ಗೆರೆ ಸಾಕು. ಫೈಲುಗಳನ್ನು ತಾರೀಖಿನ ಹೆಸರಿನಲ್ಲಿ ಇಡಿ, ಪ್ರೋಗ್ರಾಮನ್ನು ಗಿಟ್‌ಹಬ್ ಜಾಲತಾಣಕ್ಕೆ ಏರಿಸಿ.

ಅಮೆರಿಕದ ಹಲವು ಕಾಲೇಜುಗಳಿಗೆ ಒಂದೇ ಅರ್ಜಿಯಾದ ಕಾಮನ್ ಆ್ಯಪ್‌ನಲ್ಲಿ ಹತ್ತು ಚಟುವಟಿಕೆಗೆ ಜಾಗ. ಹತ್ತೂ ತುಂಬಲೇಬೇಕು ಅನ್ನುವ ನಿಯಮವಿಲ್ಲ. ಒಂದೊಂದರ ವಿವರಣೆಗೆ 150 ಅಕ್ಷರ, ಖಾಲಿ ಜಾಗವೂ ಸೇರಿ. ಜೊತೆಗೆ ವಾರಕ್ಕೆ ಎಷ್ಟು ತಾಸು, ವರ್ಷಕ್ಕೆ ಎಷ್ಟು ವಾರ. ಎಂಐಟಿ ತನ್ನದೇ ಅರ್ಜಿ ಇಟ್ಟುಕೊಂಡಿದೆ, ಅಲ್ಲಿ ನಾಲ್ಕೇ ಚಟುವಟಿಕೆ. ಕೈಯಿಂದ ಮಾಡಿದ್ದನ್ನು ತೋರಿಸಲು ಮೇಕರ್ ಪೋರ್ಟ್‌ಫೋಲಿಯೊ ಎಂಬ ಬೇರೆ ಅವಕಾಶವೂ ಇದೆ.

150 ಅಕ್ಷರದಲ್ಲಿ “ವಿಜ್ಞಾನ ಯೋಜನೆಯಲ್ಲಿ ಆಸಕ್ತಿಯಿಂದ ಭಾಗವಹಿಸಿ ಅನೇಕ ವಿಷಯ ಕಲಿತೆ” ಎಂದು ಬರೆದರೆ ಜಾಗ ದಂಡ. “ಒಣದ್ರಾಕ್ಷಿ ಶೆಡ್‌ನ 4 ಕಡೆ ಶಾಖ, ಆರ್ದ್ರತೆ ದಾಖಲಿಸುವ ಯಂತ್ರ ಕಟ್ಟಿದೆ, 14 ದಿನ, 8,064 ದಾಖಲೆ, ರ‍್ಯಾಕ್‌ಗಳ ಒಣಗುವ ಅಂತರ ಲೆಕ್ಕ ಹಾಕಿದೆ” ಎಂದರೆ ಓದುವವನಿಗೆ ಶೆಡ್ಡೇ ಕಾಣುತ್ತದೆ. ತಾಸು ಮಾತ್ರ ಉಬ್ಬಿಸಬೇಡಿ. ಹತ್ತು ಚಟುವಟಿಕೆಗೆ ವಾರಕ್ಕೆ ಹತ್ತತ್ತು ತಾಸು ಹಾಕಿ, ಮೇಲೆ ಕಾಲೇಜು, ಟ್ಯೂಷನ್ ಸೇರಿಸಿದರೆ ಮಗು ಮಲಗುವುದು ಯಾವಾಗ ಅನ್ನುವ ಲೆಕ್ಕ ಅವರಿಗೂ ಬರುತ್ತದೆ.

ಸ್ಪರ್ಧೆಗೆ ಕಳಿಸುವುದಾದರೆ ಐರಿಸ್ ಎಂಬ ರಾಷ್ಟ್ರೀಯ ವಿಜ್ಞಾನ ಮೇಳ ಇದೆ, ಅಂತರರಾಷ್ಟ್ರೀಯ ಮೇಳವಾದ ಐಸೆಫ್‌ಗೆ ಅದೇ ದಾರಿ. ಐಸೆಫ್ ನಿಯಮದಲ್ಲಿ ಒಂದು ಉರುಳು ಇದೆ. ಜನರಿಗೆ ಪ್ರಶ್ನಾವಳಿ ಕೊಡುವುದು, ಬೆನ್ನೆಲುಬಿರುವ ಪ್ರಾಣಿ, ರೋಗಾಣು ಇವುಗಳಿದ್ದರೆ ಕೆಲಸ ಶುರುವಾಗುವ ಮೊದಲೇ ಅನುಮತಿ ಆಗಿರಬೇಕು. ಮುಗಿದ ಮೇಲೆ ಪತ್ರ ತಂದರೆ ನಡೆಯದು. ಆದ್ದರಿಂದ ಹತ್ತು ರೈತರಿಗೆ ಪ್ರಶ್ನೆ ಕೇಳಿ ಪ್ರಾಜೆಕ್ಟಿಗೆ ಸೇರಿಸುವ ಆಸೆ ಇದ್ದರೆ ಅದನ್ನು ಮೊದಲೇ ಹೇಳಿಕೊಳ್ಳಬೇಕು. ಬರೀ ಶೆಡ್ಡಿನ ಗಾಳಿಗೆ ಈ ತೊಡಕಿಲ್ಲ.

ಫೀ ತೆಗೆದುಕೊಂಡು ಎಂಟು ವಾರದಲ್ಲಿ “ಸಂಶೋಧನಾ ಪ್ರಬಂಧ” ಅಚ್ಚು ಮಾಡಿಸಿಕೊಡುವ ಆನ್‌ಲೈನ್ ಇಂಟರ್ನ್‌ಶಿಪ್ ಪಟ್ಟಿಯಿಂದ ತೆಗೆದುಹಾಕಿ.

ನಮ್ಮ ಕಡೆಯವರು ನಿಜವಾಗಿ ಎಡವುವುದು ಕಾಗದಪತ್ರದಲ್ಲಿ. ಅಮೆರಿಕದವರಿಗೆ ಒಂಬತ್ತರಿಂದ ಹನ್ನೆರಡರವರೆಗಿನ ನಾಲ್ಕು ವರ್ಷದ ಅಂಕ ಬೇಕು. ಪಿಯು ಕಾಲೇಜಿನ ಬಳಿ ಎರಡೇ ವರ್ಷದ್ದು ಇರುತ್ತದೆ. ಒಂಬತ್ತನೆಯದನ್ನು ಹೈಸ್ಕೂಲಿನಿಂದ ಲೆಟರ್‌ಹೆಡ್, ಸಹಿ, ಸಿಕ್ಕಾ ಸಮೇತ ಟಿಸಿ ತರುವ ದಿನವೇ ಕೇಳಿ. ಎರಡು ವರ್ಷ ಬಿಟ್ಟು ಹೋದರೆ ಹಳೆಯ ರಜಿಸ್ಟರ್ ಯಾವ ಕಪಾಟಿನಲ್ಲಿದೆ ಎಂದು ಹುಡುಕುತ್ತ ಕೂರಬೇಕು. ಕೌನ್ಸೆಲರ್ ವರದಿ ಎಂಬ ಕಾಲಮ್ಮು ನೋಡಿ ಹೆದರಬೇಡಿ, ಪ್ರಾಂಶುಪಾಲರು ತುಂಬಬಹುದು. ಶಿಫಾರಸು ಪತ್ರಕ್ಕೆ ಭೌತಶಾಸ್ತ್ರ ಉಪನ್ಯಾಸಕರನ್ನು ಈಗಿನಿಂದಲೇ ಶೆಡ್ಡಿನ ಕೆಲಸದಲ್ಲಿ ಸೇರಿಸಿಕೊಳ್ಳಿ. ಉಪ್ಪಿನ ಬರಣಿಯನ್ನು ಕಣ್ಣಾರೆ ನೋಡಿದವರು ಬರೆಯುವ ಪತ್ರವೇ ಬೇರೆ.

---

ತಿಕೋಟಾ_ಶೆಡ್:

ಸಿಕ್ಕಾ ಅಂದ ಮ್ಯಾಲ ನೆನಪಾತು. ಶೆಡ್ಡಿನ ಮಾಲಕರ ಹಂತೇಕಿಂದ ಒಂದು ಹಾಳಿ ಮ್ಯಾಲ “ಇಂಥಾ ತಾರೀಖಿಂದ ಇಂಥಾ ತಾರೀಖಿನತನಕ ನಮ್ಮ ಶೆಡ್ಡಿನಾಗ ಅಳತಿ ಮಾಡ್ಯಾಳ” ಅಂತ ಸಹಿ ತಗೊಳ್ರಿ. ಆ ನಾಲ್ಕು ಕಿಲೋ ದ್ರಾಕ್ಷಿಗೆ ರೊಕ್ಕಾನೂ ಕೊಟ್ಟ ಬರ್ರಿ.